ಕಿಂದರಿಜೋಗಿಯ ಹಿಂದೆ ನಗುತ್ತ ಹೊರಟವರು

ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಬಹುದಾದ ಅದ್ಭುತ ಕಥೆಗಳಲ್ಲಿ ನಾನು ಮತ್ತೆ ಮತ್ತೆ ಮರಳುವುದು, ಊರಿನ ಇಲಿಗಳನ್ನೆಲ್ಲ ಸಂಗೀತದಿಂದ ಸೆಳೆದೊಯ್ದ ಆ ಅಲೆಮಾರಿಯ ಕಥೆಗೆ. ಕನ್ನಡದ ಮಕ್ಕಳಿಗೆ ಅವನು ಕುವೆಂಪು ಅವರ ಕಿಂದರಿಜೋಗಿ. ಇಂಗ್ಲಿಷಿನಲ್ಲಿ ಓದಿದವರಿಗೆ ರಾಬರ್ಟ್ ಬ್ರೌನಿಂಗ್ ಅವರ ಪದ್ಯದಲ್ಲಿ ಬರುವ ಹ್ಯಾಮೆಲಿನ್ ಪಟ್ಟಣದ ಕೊಳಲುಗಾರ. ಜರ್ಮನರಿಗೆ ಇಲಿ ಹಿಡಿಯುವವನು. ಕಥೆಯ ಮುಕ್ಕಾಲು ಪಾಲು ಹೊಟ್ಟೆ ಹುಣ್ಣಾಗುವಷ್ಟು ನಗೆ. ಆಮೇಲೆ ಕೆಲವೇ ಸಾಲುಗಳಲ್ಲಿ ಇಡೀ ಊರು ಮಕ್ಕಳಿಲ್ಲದ ಊರಾಗಿಬಿಡುತ್ತದೆ. ಇಷ್ಟು ಘೋರವಾದ ಕೊನೆಯನ್ನು ಇಟ್ಟುಕೊಂಡ ಕಥೆಯನ್ನು ನಾವು ಆರೇಳು ವರ್ಷದ ಮಕ್ಕಳಿಗೆ ನಿಶ್ಚಿಂತೆಯಿಂದ ಹೇಳುತ್ತೇವೆ, ಅವರೂ ಮತ್ತೊಮ್ಮೆ ಹೇಳೆಂದು ಪೀಡಿಸುತ್ತಾರೆ. ಇದರಲ್ಲಿ ನಗೆಗೆ ಇರುವ ಕೆಲಸವೇನು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿದೆ.

ಹ್ಯಾಮೆಲಿನ್ ಕಲ್ಪನೆಯ ಊರಲ್ಲ. ಜರ್ಮನಿಯ ಲೋವರ್ ಸ್ಯಾಕ್ಸನಿ ಪ್ರಾಂತದಲ್ಲಿ ವೇಸರ್ ನದಿಯ ದಂಡೆಯ ಮೇಲೆ ಇಂದಿಗೂ ಇದೆ. 1284ನೆಯ ಇಸವಿಯ ಜೂನ್ 26ರಂದು ಕೊಳಲೂದುತ್ತ ಬಂದವನೊಬ್ಬ ಊರಿನ 130 ಮಕ್ಕಳನ್ನು ಕರೆದುಕೊಂಡು ಹೋದ, ಅವರು ಮರಳಲೇ ಇಲ್ಲ ಎಂಬುದು ಆ ಊರು ಕಾಪಾಡಿಕೊಂಡು ಬಂದ ನೆನಪು. ಅಲ್ಲಿನ ಚರ್ಚಿನಲ್ಲಿ ಸುಮಾರು 1300ರ ಹೊತ್ತಿಗೆ ಈ ಪ್ರಸಂಗವನ್ನು ಚಿತ್ರಿಸಿದ ಗಾಜಿನ ಕಿಟಕಿಯೊಂದಿತ್ತು ಎನ್ನುತ್ತಾರೆ. ಅದು 1660ರಲ್ಲಿ ನಾಶವಾಯಿತು. ಹದಿನೈದನೆಯ ಶತಮಾನದ ನಡುಭಾಗದ ಲ್ಯೂನೆಬುರ್ಗ್ ಹಸ್ತಪ್ರತಿಯಲ್ಲಿ ಬೆಳ್ಳಿಯ ಕೊಳಲು ಹಿಡಿದ ಯುವಕನಿದ್ದಾನೆ, ಅವನ ಹಿಂದೆ ಹೋದ ಮಕ್ಕಳಿದ್ದಾರೆ. ಇಲಿ ಮಾತ್ರ ಒಂದೂ ಇಲ್ಲ. ಇಲಿಗಳು ಈ ಕಥೆಯೊಳಕ್ಕೆ ನುಗ್ಗಿದ್ದು ಹದಿನಾರನೆಯ ಶತಮಾನದ ಮಧ್ಯದಲ್ಲಿ, ಅಂದರೆ ಮಕ್ಕಳು ಹೋದರು ಎನ್ನುವ ಕಾಲದಿಂದ ಹೆಚ್ಚುಕಡಿಮೆ ಮುನ್ನೂರು ವರ್ಷಗಳ ಮೇಲೆ.

ಈ ಸಂಗತಿ ತಿಳಿದ ದಿನದಿಂದ ನಾನು ಕಥೆಯನ್ನು ನೋಡುವ ರೀತಿಯೇ ಬದಲಾಯಿತು. ನಗೆಯ ಕಥೆಗೆ ದುಃಖದ ಕೊನೆಯನ್ನು ಯಾರೋ ಅಂಟಿಸಿದ್ದಾರೆ ಎಂದು ನಮಗೆ ಮೇಲ್ನೋಟಕ್ಕೆ ತೋರುತ್ತದೆ. ನಡೆದದ್ದು ಇದಕ್ಕೆ ತಿರುಗಾಮುರುಗ. ಮೊದಲು ಇದ್ದದ್ದು ದುಃಖವೊಂದೇ. ನಗೆ ಬಂದು ಸೇರಿದ್ದು ಆಮೇಲೆ. ಆ ಮಕ್ಕಳು ಪೂರ್ವದ ಹೊಸ ಸೀಮೆಗಳಿಗೆ ನೆಲೆಸಲೆಂದು ಕರೆದೊಯ್ಯಲ್ಪಟ್ಟ ತರುಣ ತರುಣಿಯರಿರಬಹುದು ಎಂಬುದು ಇತಿಹಾಸಕಾರರಲ್ಲಿ ಹಲವರು ಒಪ್ಪುವ ಊಹೆ. ಕಾರಣ ಏನೇ ಇರಲಿ, ಮಕ್ಕಳನ್ನು ಕಳೆದುಕೊಂಡ ಊರಿಗೆ ತಲೆಮಾರುಗಳು ಕಳೆದಂತೆ ಒಂದು ಉತ್ತರ ಬೇಕಾಯಿತು: ನಮಗೇಕೆ ಹೀಗಾಯಿತು? ಆ ಉತ್ತರವಾಗಿ ಇಲಿಗಳು ಬಂದವು, ಇಲಿಗಳ ಬೆನ್ನಿಗೇ ಒಂದು ಮಾತು ಬಂತು, ಕೊಟ್ಟ ಮಾತನ್ನು ಮುರಿದ ಹಿರಿಯರು ಬಂದರು. ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳುವುದಕ್ಕಾಗಿ ಊರೊಂದು ತನ್ನ ಹಿರಿಯರನ್ನೇ ನಗೆಪಾಟಲು ಮಾಡಿಕೊಂಡಿತು ಎಂದು ನಾನು ಓದಿಕೊಳ್ಳುತ್ತೇನೆ. ಇದು ನನ್ನ ಓದು. ಆದರೆ ಕಥೆಯ ರಚನೆಯನ್ನು ಹತ್ತಿರದಿಂದ ನೋಡಿದಷ್ಟೂ ಇದೇ ಸರಿಯೆನಿಸುತ್ತದೆ.

ಆ ನಗೆಯನ್ನು ಪೂರ್ತಿ ಅರಳಿಸಿದವರು ಬ್ರೌನಿಂಗ್. ಅವರ ಕಾಲದ ಹೆಸರಾಂತ ನಟ ವಿಲಿಯಂ ಮೆಕ್ರೀಡಿಯ ಮಗ ವಿಲ್ಲಿ ಕಾಯಿಲೆ ಬಿದ್ದು ಮನೆಯಲ್ಲೇ ಉಳಿದಿದ್ದಾಗ, ಅವನು ಚಿತ್ರ ಬರೆದುಕೊಂಡು ಹೊತ್ತು ಕಳೆಯಲಿ ಎಂದು ಬರೆದುಕೊಟ್ಟ ಪದ್ಯವಿದು. 1842ರಲ್ಲಿ ಅವರ ಕವಿತೆಗಳ ಒಂದು ಸಂಪುಟ ಅಚ್ಚಾಗುವಾಗ ಉಳಿದ ಪುಟ ತುಂಬಿಸಲೆಂದು ಅದನ್ನು ಕೊನೆಗೆ ಸೇರಿಸಲಾಯಿತಂತೆ. ಚಿತ್ರ ಬರೆಯಲೆಂದು ಹುಟ್ಟಿದ್ದರಿಂದಲೇ ಇರಬೇಕು, ಪದ್ಯದ ಒಂದೊಂದು ತುಣುಕೂ ಕಣ್ಣಿಗೆ ಕಟ್ಟುತ್ತದೆ. ಇಲಿಗಳು ನಾಯಿಗಳ ಮೇಲೆ ಬೀಳುತ್ತವೆ, ಬೆಕ್ಕುಗಳನ್ನು ಕೊಲ್ಲುತ್ತವೆ, ಗಂಡಸರು ಭಾನುವಾರಕ್ಕೆಂದು ಎತ್ತಿಟ್ಟ ಟೋಪಿಗಳೊಳಗೆ ಗೂಡು ಕಟ್ಟುತ್ತವೆ, ಹೆಂಗಸರು ಹರಟೆ ಹೊಡೆಯಲು ಕೂತರೆ ಅವರ ಮಾತೇ ಕೇಳಿಸದಷ್ಟು ಕೀಚುಗುಟ್ಟುತ್ತವೆ. ಊರಿನ ಮೇಯರನೋ ಮಧ್ಯಾಹ್ನವಾದರೆ ಆಮೆಯ ಮಾಂಸದ ತಟ್ಟೆಗಾಗಿ ಹೊಟ್ಟೆ ದಂಗೆಯೇಳುವ ಆಸಾಮಿ. ಜನ ದಬಾಯಿಸಲು ಬಂದಾಗ ತಲೆ ಕೆರೆದುಕೊಳ್ಳುತ್ತಾನೆ. ಬಾಗಿಲು ಮೆಲ್ಲಗೆ ಬಡಿದ ಸದ್ದಾದರೂ ಇಲಿಯೇ ಬಂತೆಂದು ಎದೆ ಡವಡವ ಎನ್ನುತ್ತದೆ. ಒಳಗೆ ಬಂದ ಕೊಳಲುಗಾರ ಅರ್ಧ ಹಳದಿ, ಅರ್ಧ ಕೆಂಪು ಅಂಗಿಯವನು. ತನ್ನ ಹಿಂದಿನ ಸಾಹಸಗಳನ್ನು ಹೇಳಿಕೊಳ್ಳುವಾಗ, ಏಷ್ಯಾದಲ್ಲಿ ನಿಜಾಮನನ್ನು ರಕ್ತ ಹೀರುವ ಬಾವಲಿಗಳ ಕಾಟದಿಂದ ಪಾರುಮಾಡಿದೆ ಎನ್ನುತ್ತಾನೆ. 1842ರಲ್ಲಿ ನಮ್ಮ ಬೀದರ, ಕಲಬುರಗಿ, ರಾಯಚೂರು ಸೀಮೆಗಳೆಲ್ಲ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲೇ ಇದ್ದವು. ಕವಿಗೆ ಅದು ಪ್ರಾಸಕ್ಕೆ ಸಿಕ್ಕ ದೂರದ ಹೆಸರಷ್ಟೇ ಆಗಿದ್ದರೂ, ಆ ಸಾಲಿಗೆ ಬಂದಾಗಲೆಲ್ಲ ಕೊಳಲುಗಾರ ಕಲಬುರಗಿಯ ಕೋಟೆಯ ಪಕ್ಕದಲ್ಲೇ ಒಮ್ಮೆ ಹಾದುಹೋಗಿರಬೇಕೆಂದು ನನಗೆ ಖುಷಿಯಾಗುತ್ತದೆ.

ಕೊಳಲುಗಾರ ಕೇಳುವುದು ಸಾವಿರ ಗಿಲ್ಡರ್ ನಾಣ್ಯ. ಸಾವಿರವೇಕೆ, ಐವತ್ತು ಸಾವಿರ ಕೊಡುತ್ತೇವೆ ಎನ್ನುತ್ತಾರೆ ಮೇಯರ್ ಮತ್ತವನ ಸಭಾಸದರು. ಇಲಿಗಳು ನದಿಯಲ್ಲಿ ಮುಳುಗಿದ ಮೇಲೆ, ಅದೆಲ್ಲ ತಮಾಷೆಗೆ ಆಡಿದ ಮಾತು, ಐವತ್ತು ತೆಗೆದುಕೊಂಡು ಹೋಗು ಎನ್ನುತ್ತಾರೆ. ಐವತ್ತು ಸಾವಿರ ಐವತ್ತಾಗುವ ಈ ಜಾಗದಲ್ಲಿ ಮಕ್ಕಳು ಎಂದೂ ನಕ್ಕು ಸುಮ್ಮನಾಗುವುದಿಲ್ಲ; ಸಿಟ್ಟಾಗುತ್ತಾರೆ. ಸಿಟ್ಟಾಗಲು ಅವರಿಗೆ ಕಾರಣವಿದೆ. ಪರೀಕ್ಷೆ ಮುಗಿಯಲಿ, ಸೈಕಲ್ ಕೊಡಿಸುತ್ತೇನೆ. ಅಳು ನಿಲ್ಲಿಸು, ಸಂಜೆ ಜಾತ್ರೆಗೆ ಕರೆದುಕೊಂಡು ಹೋಗುತ್ತೇನೆ. ಔಷಧಿ ಕುಡಿ, ಚಾಕೊಲೇಟ್ ತರುತ್ತೇನೆ. ಕೆಲಸವಾಗುವ ತನಕ ದೊಡ್ಡವರ ಮಾತು ಎಷ್ಟು ಉದಾರವಾಗಿರುತ್ತದೆ, ಆದ ಮೇಲೆ ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ಮಕ್ಕಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಮೇಯರನ ಹೊಟ್ಟೆಯನ್ನು ನೋಡಿ ನಕ್ಕ ಮಗು ಇಲ್ಲಿ ಕೊಳಲುಗಾರನ ಪಕ್ಷ ಸೇರಿಬಿಡುತ್ತದೆ. ಮುಂದೆ ಅವನು ಎಲ್ಲಿಗೆ ಕರೆದರೂ ಹೋಗಲು ಅದರ ಮನಸ್ಸು ಆಗಲೇ ಸಿದ್ಧವಾಗಿರುತ್ತದೆ.

ಕುವೆಂಪು ಈ ಕಥೆಯನ್ನು ವೇಸರ್ ನದಿಯಿಂದ ಎತ್ತಿ ತುಂಗೆಯ ತೀರದ ಬೊಮ್ಮನಹಳ್ಳಿಗೆ ತಂದರು. ತೀರ್ಥಹಳ್ಳಿಯ ಬಳಿಯ ಕುಪ್ಪಳಿಯಲ್ಲಿ ಬೆಳೆದ ಅವರಿಗೆ ತುಂಗೆ ಮನೆಯ ನದಿ. ಮೇಯರ್ ಹೋಗಿ ಗೌಡ ಬಂದ. ಅಂಗಿಯ ಬಣ್ಣಗಳು ಹೋಗಿ ಜೋಗಿಯ ವೇಷ ಬಂತು, ಕೊಳಲಿನ ಜಾಗದಲ್ಲಿ ಕಿಂದರಿ. ಈ ಕೊನೆಯ ಬದಲಾವಣೆಯ ಹಿಂದಿನ ಜಾಣ್ಮೆಯನ್ನು ನಾನು ಎಷ್ಟು ಮೆಚ್ಚಿದರೂ ಸಾಲದು. ಕಿಂದರಿ, ಅಂದರೆ ಕಿನ್ನರಿ, ದಂಡಿಗೆಗೆ ಸೋರೆಬುರುಡೆಗಳನ್ನು ಕಟ್ಟಿ ಮಾಡಿದ ತಂತಿವಾದ್ಯ. ಅದನ್ನು ನುಡಿಸುತ್ತ ಊರೂರು ತಿರುಗಿ ಕಥೆ ಹಾಡುತ್ತಿದ್ದ ಜೋಗಿಗಳು ಕನ್ನಡ ನಾಡಿಗೆ ಹೊಸಬರಲ್ಲ. ಮನೆಬಾಗಿಲಿಗೆ ಬಂದ ಜೋಗಿಗೆ ಮೊರದಲ್ಲಿ ಅಕ್ಕಿಯನ್ನೋ ರಾಗಿಯನ್ನೋ ತಂದು ಹಾಕುವುದು ವಾಡಿಕೆ. ಬರಿಗೈಯಲ್ಲಿ ಕಳಿಸಬಾರದು, ಅವನ ಬಾಯಿಂದ ಕೆಟ್ಟ ಮಾತು ಬೀಳಬಾರದು ಎಂಬ ಅಂಜಿಕೆಯೂ ಅದರ ಜೊತೆಗಿದೆ. ಹ್ಯಾಮೆಲಿನ್ನಿನ ಮೇಯರ್ ಮುರಿದದ್ದು ಒಂದು ಕರಾರನ್ನು. ಬೊಮ್ಮನಹಳ್ಳಿಯ ಗೌಡ ಕರಾರಿನ ಜೊತೆಗೆ ಮನೆಬಾಗಿಲಿನ ಮರ್ಯಾದೆಯನ್ನೂ ಮುರಿಯುತ್ತಾನೆ. ಕನ್ನಡದ ಕೇಳುಗನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಜೋಗಿಯನ್ನು ಕೆಣಕಿದರು ಎನ್ನುತ್ತಲೇ ಮುಂದೆ ಕೇಡು ಕಾದಿದೆ ಎಂದು ಗೊತ್ತಾಗಿಬಿಡುತ್ತದೆ.

ಇನ್ನು ಆ ಇಲಿಗಳ ಮೆರವಣಿಗೆ. ಬ್ರೌನಿಂಗ್ ಅವರಲ್ಲೂ ಇಲಿಗಳು ಬಂಧುಬಳಗ ಸಮೇತ ಹೊರಡುತ್ತವೆ. ಆದರೆ ಅಣ್ಣ, ತಮ್ಮ, ಅವ್ವ, ಅಪ್ಪ, ಮಾವ, ಭಾವ, ಅಕ್ಕ, ತಂಗಿ ಎಂದು ಕುವೆಂಪು ಒಬ್ಬೊಬ್ಬರನ್ನೇ ಇಲಿಯಾಗಿಸಿ ಕರೆಯುವಾಗ ಅದಕ್ಕೆ ಬೇರೆಯೇ ಕಳೆ ಬರುತ್ತದೆ. ಮಲೆನಾಡಿನ ತುಂಬಿದ ಮನೆಯೊಂದು ಮದುವೆಯ ದಿಬ್ಬಣ ಹೊರಟಂತೆ ಇಲಿಗಳು ಬೀದಿಗಿಳಿಯುತ್ತವೆ. ಈ ಪಟ್ಟಿಯನ್ನು ಒಬ್ಬರೇ ಓದಿ ಮುಗಿಸಲು ನನಗೆ ಯಾವತ್ತೂ ಆಗಿಲ್ಲ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಕ್ಕಳು ತಮ್ಮದನ್ನೂ ಸೇರಿಸತೊಡಗುತ್ತಾರೆ: ಟೀಚರ್ ಇಲಿ, ಕಂಡಕ್ಟರ್ ಇಲಿ, ಪಕ್ಕದ ಮನೆ ಅಂಕಲ್ ಇಲಿ. ಲಯ ಅಷ್ಟು ಗಟ್ಟಿಯಾಗಿರುವುದರಿಂದ ಯಾರನ್ನು ಸೇರಿಸಿದರೂ ಪದ್ಯ ಎಡವುವುದಿಲ್ಲ. ಶಾಲೆಗಳಲ್ಲಿ ಈ ಪದ್ಯವನ್ನು ನಾಟಕವಾಗಿ ಆಡಿಸಿದವರಿಗೆ ಗೊತ್ತು: ಇಲಿಯ ಪಾತ್ರಕ್ಕೆ ನೂಕುನುಗ್ಗಲು, ಗೌಡನಾಗಲು ಹೇಳಿ ಒಪ್ಪಿಸಬೇಕು. ಗೋಣಿದಾರದ ಬಾಲ ಕಟ್ಟಿಕೊಂಡು, ಕಾಡಿಗೆಯಲ್ಲಿ ಮೀಸೆ ಬರೆಸಿಕೊಂಡು ವೇದಿಕೆಯ ತುಂಬ ಹರಿದಾಡುವ ಆ ಸುಖದ ಮುಂದೆ ಗೌಡನ ಪೇಟ ಯಾರಿಗೆ ಬೇಕು?

ಆದರೆ ಇಲಿಗಳಿಗೆ ಹೀಗೆ ನಂಟಸ್ತಿಕೆ ಅಂಟಿಸಿ ನಗಿಸುತ್ತಿರುವಾಗಲೇ ಕಥೆ ಮುಂದಿನ ಏಟಿಗೆ ನೆಲ ಹದ ಮಾಡುತ್ತಿರುತ್ತದೆ. ಏಕೆಂದರೆ ಮಾತು ಮುರಿದ ಮೇಲೆ ಊರಿನ ಮಕ್ಕಳನ್ನು ಕರೆದೊಯ್ಯುವ ಎರಡನೆಯ ಮೆರವಣಿಗೆಯೂ ಮೊದಲನೆಯದರ ಹಾಗೆಯೇ ಹೊರಡುತ್ತದೆ. ಅದೇ ಬೀದಿ, ಅದೇ ನಾದ, ಅದೇ ಓಟ. ಸಣ್ಣ ಸಣ್ಣ ಕಾಲುಗಳ ಪಟಪಟ ಸದ್ದು, ಚಪ್ಪಾಳೆ, ಕೇಕೆ. ಮೊದಲನೆಯದಕ್ಕೆ ನಕ್ಕು ಅಭ್ಯಾಸವಾದ ಬಾಯಿ ಎರಡನೆಯದಕ್ಕೂ ನಗುತ್ತಲೇ ತೆರೆದುಕೊಳ್ಳುತ್ತದೆ. ನಗೆಗಾಗಿ ಹೆಣೆದ ಲಯವನ್ನೇ ಸ್ವಲ್ಪವೂ ಬದಲಿಸದೆ ಅಗಲಿಕೆಗೆ ಬಳಸಿದ್ದು ಈ ಕಥೆಯ ಅತಿ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ. ಇಲ್ಲಿ ದುಃಖವನ್ನು ಸಾರಿ ಹೇಳುವ ಬೇರೆ ದನಿಯಿಲ್ಲ. ಕೇಳುತ್ತಿರುವವರು ತಾವು ಯಾರೆಂಬುದಕ್ಕೆ ತಕ್ಕಂತೆ ಅದನ್ನು ಕೇಳಿಸಿಕೊಳ್ಳುತ್ತಾರೆ.

ಇದನ್ನು ಕಣ್ಣಾರೆ ಕಂಡದ್ದು ಒಂದು ಚಳಿಗಾಲದ ಸಂಜೆ ನಮ್ಮ ಮನೆಯಲ್ಲೇ. ಅಮ್ಮ ನಡುಮನೆಯಲ್ಲಿ ಪೇಪರ್ ಹರವಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಅಕ್ಕನ ಮಕ್ಕಳಿಬ್ಬರೂ ನನ್ನ ಎರಡು ಪಕ್ಕದಲ್ಲಿ ಒರಗಿದ್ದರು. ಬೆಟ್ಟ ಬಾಯಿ ತೆರೆದು ಮಕ್ಕಳೆಲ್ಲ ಒಳಗೆ ಹೋದ ಭಾಗಕ್ಕೆ ಬಂದಾಗ ಅಮ್ಮನ ಕೈ ನಿಂತಿತು. "ಅಯ್ಯೋ ಪಾಪ, ಆ ತಾಯಂದಿರ ಹೊಟ್ಟೆ ಎಷ್ಟು ಉರಿದಿರಬೇಕೋ," ಎಂದರು. ಅದೇ ಗಳಿಗೆಯಲ್ಲಿ ನನ್ನ ಎಡಗಡೆಯಿಂದ ಹುಡುಗಿ, "ಮಾಮ, ಆ ಬೆಟ್ಟ ಎಲ್ಲಿದೆ? ನಾವೂ ಹೋಗೋಣ," ಎಂದಳು. ಒಂದೇ ಸಾಲು ಒಬ್ಬರಿಗೆ ಸಿಡಿಲು, ಇನ್ನೊಬ್ಬರಿಗೆ ರಜೆಯ ಮೊದಲ ದಿನ. ಎರಡನ್ನೂ ಒಂದೇ ಉಸಿರಿನಲ್ಲಿ ಕೊಡಬಲ್ಲ ಕಥೆಯನ್ನೇ ಮನೆಮಂದಿಯೆಲ್ಲ ಕೂತು ಕೇಳುವ ಕಥೆ ಎನ್ನಬೇಕು. ಮಕ್ಕಳಿಗೊಂದು ಜೋಕು, ಅವರ ತಲೆಯ ಮೇಲಿಂದ ಹಾಯುವಂತೆ ದೊಡ್ಡವರಿಗೊಂದು ಜೋಕು ಎಂದು ಹಂಚಿಕೊಡುವ ಇತ್ತೀಚಿನ ಸಿನಿಮಾಗಳ ವಿಧಾನ ನನಗೆ ಇದರ ಮುಂದೆ ಬಡವಾಗಿ ಕಾಣುತ್ತದೆ.

ಬ್ರೌನಿಂಗ್ ಅವರ ಪದ್ಯದಲ್ಲಿ ಇಬ್ಬರು ಸಾಕ್ಷಿಗಳಿದ್ದಾರೆ. ಅವರನ್ನು ಜೊತೆಗಿಟ್ಟು ನೋಡುವಂತೆ ಮಾಡಿದವಳೂ ಆ ಹುಡುಗಿಯೇ. ಇಲಿಗಳಲ್ಲಿ ಗಟ್ಟಿಮುಟ್ಟಾದ ಒಂದು ಮಾತ್ರ ನದಿಯನ್ನು ಈಜಿ ದಾಟಿ ಬದುಕುತ್ತದೆ. ಕೊಳಲಿನ ದನಿಯಲ್ಲಿ ತನಗೆ ಕೇಳಿಸಿದ್ದೇನು ಎಂದು ಅದು ಇಲಿಗಳ ನಾಡಿಗೆ ವರದಿ ಒಪ್ಪಿಸುತ್ತದೆ: ಹಣ್ಣು ಹಿಂಡುವ ಗಾಣಕ್ಕೆ ಮಾಗಿದ ಸೇಬುಗಳನ್ನು ಸುರಿಯುವ ಸದ್ದು, ಉಪ್ಪಿನಕಾಯಿ ಪೀಪಾಯಿಯ ಮುಚ್ಚಳ ಸರಿಸುವ ಸದ್ದು, ಮುರಬ್ಬದ ಬೀರುಗಳು ಅರೆತೆರೆದುಕೊಳ್ಳುವ ಸದ್ದು. ಇನ್ನೇನು ಸಕ್ಕರೆಯ ದೊಡ್ಡ ಪೀಪಾಯಿಯೊಂದು ಮೂಗಿನ ಮುಂದೆಯೇ ಇದೆ ಎನ್ನುವಷ್ಟರಲ್ಲಿ ವೇಸರ್ ನದಿ ತಲೆಯ ಮೇಲೆ ಉರುಳಿತು ಎನ್ನುತ್ತದೆ. ಮಕ್ಕಳಲ್ಲಿಯೂ ಒಬ್ಬನೇ ಉಳಿಯುತ್ತಾನೆ; ಕಾಲು ಕುಂಟಾದ್ದರಿಂದ ಬೆಟ್ಟದ ಬಾಗಿಲು ಮುಚ್ಚುವ ಮೊದಲು ತಲುಪಲಾರದ ಹುಡುಗ. ಅವನಿಗೆ ಆ ನಾದ ತೋರಿಸಿದ್ದು, ಗುಬ್ಬಿಗಳು ನವಿಲಿಗಿಂತ ಚೆಲುವಾಗಿರುವ, ಜೇನುಹುಳಗಳಿಗೆ ಕೊಂಡಿಯೇ ಇಲ್ಲದ, ಕುದುರೆಗಳು ಹದ್ದಿನ ರೆಕ್ಕೆ ಹೊತ್ತು ಹುಟ್ಟುವ ನಾಡನ್ನು. ಅಲ್ಲಿ ಅವನ ಕಾಲೂ ಸರಿಹೋಗಲಿತ್ತು.

ಇಲಿಯ ಮಾತಿಗೆ ಬಿದ್ದು ಬಿದ್ದು ನಕ್ಕಿದ್ದ ಹುಡುಗಿ ಹುಡುಗನ ಮಾತು ಮುಗಿಯುತ್ತಲೇ ಸುಮ್ಮನಾಗಿ, ಆಮೇಲೆ ಕೇಳಿದಳು: "ಇಲಿಗೆ ತಿಂಡಿ ಇದೆ ಅಂತ ತೋರಿಸಿ ನೀರಿಗೆ ಹಾಕಿದ. ಇವರಿಗೂ ಹಾಗೇ ಸುಳ್ಳು ಹೇಳಿದ್ನಾ?" ಎಂಟು ವರ್ಷದ ಮಗುವಿನ ಈ ಪ್ರಶ್ನೆಗಿಂತ ಹರಿತವಾದ ವಿಮರ್ಶೆಯನ್ನು ನಾನು ಈ ಪದ್ಯದ ಬಗ್ಗೆ ಎಲ್ಲಿಯೂ ಓದಿಲ್ಲ. ಇಲಿಯ ಸಾಕ್ಷಿ ನಗೆಗೆಂದು ಬಂದದ್ದು ಎಂದುಕೊಂಡಿದ್ದೆವು. ಹುಡುಗನ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂಬುದನ್ನು ಅಳೆಯಲು ಅದೇ ಕೋಲಾಗಿಬಿಡುತ್ತದೆ. ಕವಿ ಉತ್ತರ ಕೊಡುವುದಿಲ್ಲ. ಟ್ರಾನ್ಸಿಲ್ವೇನಿಯಾದಲ್ಲಿ ವಿಚಿತ್ರ ಉಡುಪಿನ ಜನರಿದ್ದಾರೆ, ತಮ್ಮ ಹಿರಿಯರು ಯಾವುದೋ ನೆಲದಡಿಯ ಸೆರೆಯಿಂದ ಎದ್ದುಬಂದವರು ಎಂದು ಅವರು ಹೇಳುತ್ತಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಮಕ್ಕಳು ಸಾಯಲಿಲ್ಲ, ಎಲ್ಲೋ ಬದುಕಿದರು, ಅವರಿಗೂ ಮಕ್ಕಳಾದರು ಎಂಬ ಸಮಾಧಾನ ಅದರಲ್ಲಿದೆ. ರೆಕ್ಕೆಯ ಕುದುರೆಗಳ ಸುದ್ದಿ ಮಾತ್ರ ಇಲ್ಲ. ನಾನು ಅವಳಿಗೆ ಆ ಭಾಗವನ್ನು ಮತ್ತೊಮ್ಮೆ ಓದಿದೆ. ಸ್ವಲ್ಪ ಯೋಚಿಸಿ, ಕುದುರೆಗಳು ಬೆಟ್ಟದೊಳಗೇ ಉಳಿದುಕೊಂಡಿರಬೇಕು ಎಂದು ತೀರ್ಮಾನಿಸಿದಳು.

ಮಕ್ಕಳು ಹೆದರುತ್ತಾರೆಂದು ಈ ಕೊನೆಯನ್ನು ತಿದ್ದಿದ ಪುಸ್ತಕಗಳು ಅಂಗಡಿಗಳಲ್ಲಿ ಸಾಕಷ್ಟು ಸಿಗುತ್ತವೆ. ಅವುಗಳಲ್ಲಿ ಊರಿನವರು ಓಡಿಬಂದು ತಪ್ಪಾಯಿತೆಂದು ಹಣ ಎಣಿಸಿಕೊಡುತ್ತಾರೆ, ಕೊಳಲುಗಾರ ಮಕ್ಕಳನ್ನು ಮರಳಿಸುತ್ತಾನೆ, ಎಲ್ಲರೂ ಸುಖವಾಗಿರುತ್ತಾರೆ. ಹೀಗೆ ತಿದ್ದಿದವರ ಮನಸ್ಸಿನ ಕರುಣೆಯನ್ನು ನಾನು ಅನುಮಾನಿಸುವುದಿಲ್ಲ. ಆದರೂ ಆ ಪುಸ್ತಕಗಳನ್ನು ನಾನು ಯಾರಿಗೂ ಕೊಡುವುದಿಲ್ಲ. ಹಣ ಕೊಟ್ಟ ಮೇಲೆ ಮಕ್ಕಳು ಮರಳಿದರೆ ಜೋಗಿ ಮಕ್ಕಳನ್ನು ಒತ್ತೆಯಿಟ್ಟುಕೊಂಡ ವಸೂಲಿಗಾರನಾಗುತ್ತಾನೆ, ಮಕ್ಕಳು ಅವನ ಕೈಯಲ್ಲಿ ಸಿಕ್ಕಿಬಿದ್ದ ಸಾಮಾನಾಗುತ್ತಾರೆ. ನಾದಕ್ಕೆ ಮನಸೋತು ತಾವಾಗಿ ಕುಣಿಯುತ್ತ ಹೊರಟ ಅವರ ಸಂಭ್ರಮಕ್ಕೆ ಯಾವ ಅರ್ಥವೂ ಉಳಿಯುವುದಿಲ್ಲ. ಅದಕ್ಕಿಂತ ಕೆಡುಕೆಂದರೆ, ಮಾತು ಮುರಿದರೂ ಚಿಂತೆಯಿಲ್ಲ, ಆಮೇಲೆ ಹಣ ಕೊಟ್ಟು ಸರಿಮಾಡಿಕೊಳ್ಳಬಹುದು ಎಂದು ಗೌಡನಿಗೆ ಧೈರ್ಯ ಹೇಳಿದಂತಾಗುತ್ತದೆ. ಮೂಲದ ಕಥೆಯಲ್ಲಿ ಗೌಡನ ಹಣ ಗೌಡನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದರಿಂದ ಕೊಳ್ಳುವಂಥದ್ದು ಊರಿನಲ್ಲಿ ಏನೂ ಉಳಿದಿರುವುದಿಲ್ಲ. ಮಕ್ಕಳು ಈ ನ್ಯಾಯವನ್ನು ತಾಳಿಕೊಳ್ಳಬಲ್ಲರು. ತಾಳಲಾರದವರು ಮೇಯರನ ವಯಸ್ಸಿನ ನಾವು.

ಹ್ಯಾಮೆಲಿನ್ ಈಗ ತನ್ನ ಕಳೆದುಹೋದ ಮಕ್ಕಳನ್ನು ಎರಡು ಬಗೆಯಲ್ಲಿ ನೆನೆಯುತ್ತದೆ. ಬೇಸಿಗೆಯ ಭಾನುವಾರಗಳಲ್ಲಿ ಊರ ನಡುವೆ ಬಯಲಿನಲ್ಲಿ ಈ ಕಥೆಯ ಆಟ ನಡೆಯುತ್ತದೆ. ಊರಿನ ಮಕ್ಕಳು ಇಲಿವೇಷ ತೊಟ್ಟು ಕೊಳಲುಗಾರನ ಹಿಂದೆ ಓಡುತ್ತಾರೆ, ನೋಡಲು ದೂರದೂರದಿಂದ ಪ್ರವಾಸಿಗಳು ಬಂದು ಸೇರುತ್ತಾರೆ. ಅದೇ ಊರಿನಲ್ಲಿ ಬುಂಗೆಲೋಸೆನ್ ಎಂಬ ಇಕ್ಕಟ್ಟಾದ ಬೀದಿಯೊಂದಿದೆ. ಮಕ್ಕಳು ಕೊನೆಯದಾಗಿ ಕಾಣಿಸಿಕೊಂಡದ್ದು ಅಲ್ಲಿಯೇ ಎಂಬ ನಂಬಿಕೆಯಿಂದ ಅಲ್ಲಿ ವಾದ್ಯ ನುಡಿಸುವುದಿಲ್ಲ, ಕುಣಿಯುವುದಿಲ್ಲ. ಮದುವೆಯ ಮೆರವಣಿಗೆ ಬಂದರೂ ಆ ಬೀದಿ ದಾಟುವ ತನಕ ಬಾಜಾಬಜಂತ್ರಿ ನಿಲ್ಲಿಸುತ್ತಾರಂತೆ. ಇಲಿವೇಷ ಮತ್ತು ಈ ಮೌನ ಎರಡನ್ನೂ ಬಿಟ್ಟುಕೊಡದ ಊರಿಗೆ ತನ್ನ ಕಥೆ ಚೆನ್ನಾಗಿ ಅರ್ಥವಾಗಿದೆ.

ಬ್ರೌನಿಂಗ್ ತಮ್ಮ ಪದ್ಯವನ್ನು ವಿಲ್ಲಿಗೆ ಹೇಳುವ ಬುದ್ಧಿಮಾತಿನಿಂದ ಮುಗಿಸುತ್ತಾರೆ: ಎಲ್ಲರ ಬಾಕಿಯನ್ನೂ ತೀರಿಸೋಣ, ಕೊಳಲುಗಾರರದ್ದನ್ನಂತೂ ತಪ್ಪದೆ ತೀರಿಸೋಣ, ಏನಾದರೂ ಕೊಡುತ್ತೇವೆಂದು ಮಾತು ಕೊಟ್ಟಿದ್ದರೆ ನಡೆಸಿಕೊಡೋಣ ಎಂದು. ಕಾಯಿಲೆ ಬಿದ್ದ ಹುಡುಗ ಯಾರಿಗೆ ಏನು ಬಾಕಿ ಇಟ್ಟಿದ್ದಾನು? ಆ ಪದ್ಯವನ್ನು ಅವನಿಗೆ ಓದಿ ಹೇಳುವ ಮನೆಯ ದೊಡ್ಡವರ ಕಿವಿಗೆ ಬೀಳಲೆಂದೇ ಕವಿ ಅದನ್ನು ಬರೆದರೆಂದು ನನಗೆ ಅನುಮಾನವಿಲ್ಲ. ಹಾಗಾಗಿ ಆ ಸಾಲುಗಳನ್ನು ಉಪದೇಶವೆಂದು ಬಿಟ್ಟುಬಿಡದೆ, ಅಕ್ಕ ಭಾವ ಇಬ್ಬರೂ ಮನೆಯಲ್ಲಿರುವ ಹೊತ್ತು ನೋಡಿಕೊಂಡು ಗಟ್ಟಿಯಾಗಿ ಓದುತ್ತೇನೆ. ಕಳೆದ ಸಲ ಓದಿದಾಗ ಇಬ್ಬರು ಮಕ್ಕಳೂ ಒಮ್ಮೆಗೇ ತಂದೆಯ ಕಡೆ ತಿರುಗಿ, ಸೈಕಲ್ ಯಾವಾಗ ಎಂದು ಕೇಳಿದರು.